ಮಲೆನಾಡಿನ ಹಳ್ಳಗಳೂ ಅವುಗಳ ತಲೆಯಲ್ಲಿರುವ ಜಡ್ಡಿಗಳೂ

ಉತ್ತರ ಕನ್ನಡದ ಘಟ್ಟದ ಮೇಲಣ ಅಡಿಕೆ ತೋಟಗಳಲ್ಲಿ ಅನೇಕವು ಸಣ್ಣ ಹಳ್ಳಗಳ ನೀರನ್ನೇ ನಂಬಿರತಕ್ಕವು. ಈ ಹಳ್ಳಗಳಲ್ಲಿ ಕೆಲವು ವೈಶಾಖದಲ್ಲಿಯೂ ಹರಿಯುವುವು. ಕೆಲವು ಸಂಕ್ರಾಂತಿಯ ಹೊತ್ತಿಗೇ ಬತ್ತುವುವು. ಒಂದೇ ಮಳೆ ಬೀಳುವ ನೆರೆಹೊರೆಯ ಹಳ್ಳಗಳಲ್ಲಿ ಹೀಗಾಗಲು ಕಾರಣವನ್ನು ಹಳ್ಳ ಹುಟ್ಟುವ ಸ್ಥಳದಲ್ಲಿ ಹುಡುಕಬೇಕು.

ಶರಾವತಿ, ಅಘನಾಶಿನಿ ಮುಂತಾದ ನದಿಗಳ ಕಣಿವೆಗಳನ್ನು ಪರೀಕ್ಷಿಸಿದ ಬೆಂಗಳೂರಿನ ವಿಜ್ಞಾನಿಗಳು, ಮೇಲಣ ಪ್ರದೇಶದಲ್ಲಿ ಶೇಕಡ 60ಕ್ಕೆ ಮೇಲ್ಪಟ್ಟು ನಾಡಮರಗಳ ಕಾಡು ಉಳಿದಿರುವ ಹಳ್ಳಗಳು ವರ್ಷವೆಲ್ಲಾ ಹರಿಯುವುದನ್ನೂ, ಒಂದೇ ಜಾತಿಯ ನೆಡುತೋಪುಗಳಿರುವ ಕಡೆ ಬೇಸಗೆಗೆ ಮೊದಲೇ ನಿಲ್ಲುವುದನ್ನೂ ಕಂಡಿರುವರು.

ಹಳ್ಳದ ತಲೆಯಲ್ಲಿ ರಾಮಪತ್ರೆ ಜಡ್ಡಿಯಿದ್ದರಂತೂ ಅದು ಊರಿನ ಭಾಗ್ಯವೆನ್ನಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂತಹವು ಇವೆ. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಅಲ್ಲಿನ ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದಿರುವುವು. ಆ ಬೇರುಗಳ ನಡುವೆ ತರಗೆಲೆಯೂ ಮಣ್ಣೂ ನಿಂತು, ಮಳೆಯ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವುವು. 2000ನೆಯ ಇಸವಿಯಲ್ಲಿ ಗೇರಿನ ಬಳಗದ ಒಂದು ಹೊಸ ಮರವನ್ನು ಇಲ್ಲಿ ಗುರುತಿಸಿ, ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟಿರುವರು.

ಇಂತಹ ನೆಲವನ್ನು ಬರಿಯ ಕೆಸರೆಂದು ಬಗೆದು, ಕಾಲುವೆ ತೋಡಿ ನೀರು ಬಸಿದು ಗದ್ದೆಯನ್ನೋ ತೋಟವನ್ನೋ ಮಾಡುವುದುಂಟು. ಮೇಲೆ ಒಬ್ಬರಿಗೆ ಅರ್ಧ ಎಕರೆ ಸಾಗುವಳಿ ಹೆಚ್ಚಿದರೆ ಕೆಳಗೆ ಹತ್ತು ಮಂದಿಯ ತೋಟ ಒಣಗುವ ಸಂಭವವಿದೆ. ಇದು ಲಾಭದ ವ್ಯವಸಾಯವೆಂದು ನಮಗೆ ತೋರುವುದಿಲ್ಲ.

2002ರ ಜೀವವೈವಿಧ್ಯ ಕಾಯಿದೆಯ 41ನೆಯ ಪ್ರಕರಣದ ಮೇರೆಗೆ ಪ್ರತಿ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಇದೇ ಕಾಯಿದೆಯಂತೆ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡವು 2011ರಲ್ಲಿ ಪಾರಂಪರಿಕ ತಾಣವಾಯಿತು. ಸಮಿತಿಯ ದಾಖಲೆಯಲ್ಲಿ ಗಿಡಮೂಲಿಕೆಗಳ ಹೆಸರನ್ನು ಬರೆದು ಮುಗಿಸದೆ, ಹಳ್ಳಗಳನ್ನೂ ಬರೆಯಿಸುವುದು ಮುಖಂಡರ ಕೆಲಸ. ಸರ್ವೆ ನಕ್ಷೆಯ ಗೆರೆಯಿಂದ ನೀರು ಯಾವ ತಿಂಗಳವರೆಗೆ ಇರುವುದೆಂದು ತಿಳಿಯದು. ಆದುದರಿಂದ ಫಾಲ್ಗುಣದಲ್ಲೊಮ್ಮೆ, ವೈಶಾಖದಲ್ಲೊಮ್ಮೆ, ಊರಿನ ವೃದ್ಧರನ್ನೂ, ಕಾಡಿನಲ್ಲಿ ಓಡಾಡುವ ಹೆಂಗಸರನ್ನೂ ಕರೆದುಕೊಂಡು ತೋಟದಿಂದ ಹುಟ್ಟಿನವರೆಗೆ ನಡೆದು, ನೀರು ನಿಂತ ಸ್ಥಳ, ಮರಗಳು, ಪಕ್ಕದ ಸರ್ವೆ ನಂಬರು ಇವನ್ನು ಗುರುತು ಹಾಕಿಸಬೇಕು.

ಸೊಪ್ಪಿನ ಬೆಟ್ಟವುಳ್ಳವರಿಗೆ ಒಂದು ಮಾತು. ತೋಟದ ಎಕರೆಯೊಂದಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಇರುವಾಗ, ಹಳ್ಳದ ಎರಡು ದಂಡೆಗಳ ಮರಗಳಿಂದಲೇ ಸೊಪ್ಪು ಕಡಿಯಬೇಕಾದ ಅಗತ್ಯವಿಲ್ಲ. ಆ ಮರಗಳನ್ನು ಬಿಟ್ಟು, ಮೇಲಣ ಇಳಿಜಾರಿನಲ್ಲಿ ಸರದಿಯಂತೆ ಕಡಿದರೆ ಸಾಕಾಗುವುದು.