ಸ್ಟಾರ್ ಟ್ರೆಕ್ ಇಸ್ಪೀಟು ಕಟ್ಟಿನಲ್ಲಿ ಗುಲಾಮ ಯಾರು?

ಸ್ಟಾರ್ ಟ್ರೆಕ್ ಅಭಿಮಾನಿಗಳಲ್ಲಿ ಒಂದು ವಿಚಿತ್ರ ಗುಂಪಿದೆ. ಇವರು ಇಸ್ಪೀಟು ಎಲೆಗಳನ್ನು ಕೂಡಿಡುತ್ತಾರೆ. ಆಡೋಕಲ್ಲ, ಇಟ್ಟುಕೊಳ್ಳೋಕೆ. ಸರಣಿಯ ಪಾತ್ರಗಳು, ನೌಕೆಗಳು, ಲಾಂಛನಗಳನ್ನು ಅಚ್ಚು ಹಾಕಿದ 52 ಎಲೆಗಳ ಕಟ್ಟುಗಳು ಹಲವು ದಶಕಗಳಿಂದ ಮಾರುಕಟ್ಟೆಗೆ ಬರುತ್ತಲೇ ಇವೆ. ಹೊರಗಿನಿಂದ ನೋಡಿದರೆ ಇದು ಟೀ ಶರ್ಟ್, ಕಾಫಿ ಮಗ್ ಥರದ ಇನ್ನೊಂದು ವ್ಯಾಪಾರ, ಅಷ್ಟೇ. ಆದರೆ ಮಗ್ ಮೇಲೆ ಯಾರ ಚಿತ್ರ ಬೇಕಾದರೂ ಹಾಕಬಹುದು. ಇಸ್ಪೀಟಿನ ವಿಷಯ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಅಂತಸ್ತು ಕೊಡಲೇಬೇಕು.

ಯೋಚಿಸಿ ನೋಡಿ. ಕಟ್ಟಿನಲ್ಲಿ ನಾಲ್ಕು ಬಣ್ಣ: ಇಸ್ಪೀಟು, ಆಟೀನು, ಡೈಮಂಡ್, ಕಳಾವರ್. ಒಂದೊಂದಕ್ಕೂ 13 ಎಲೆ. ನಾಲ್ಕು ರಾಜ, ನಾಲ್ಕು ರಾಣಿ, ನಾಲ್ಕು ಗುಲಾಮ. ಇಂಗ್ಲಿಷಿನ 'ಜಾಕ್'ಗೆ ನಾವು ಸಲೀಸಾಗಿ ಗುಲಾಮ ಅಂತೀವಿ. ಇಂಗ್ಲಿಷಿನಲ್ಲೂ ಅದರ ಹಳೆಯ ಹೆಸರು 'ನೇವ್', ಅಂದರೆ ಸೇವಕ. ಅಂದಮೇಲೆ ಒಂದು ಸರಣಿಯನ್ನು ಇಸ್ಪೀಟಿಗೆ ಇಳಿಸುವುದು ಎಂದರೆ ಯಾರು ರಾಜ, ಯಾರು ಗುಲಾಮ, ಯಾರು ಬರೀ ಎರಡು-ಮೂರು ಎಂದು ತೀರ್ಮಾನ ಮಾಡುವುದು.

ಈಗ 1966ರಿಂದ 1969ರವರೆಗೆ ಪ್ರಸಾರವಾದ ಮೊದಲ ಸ್ಟಾರ್ ಟ್ರೆಕ್ ತೆಗೆದುಕೊಳ್ಳಿ. ಅದರ ಕಟ್ಟನ್ನು ನೀವೇ ವಿನ್ಯಾಸ ಮಾಡುತ್ತಿದ್ದೀರಿ ಅಂದುಕೊಳ್ಳಿ. ರಾಜರಿಗೆ ಕೊರತೆಯಿಲ್ಲ: ಕರ್ಕ್, ಸ್ಪಾಕ್, ಮೆಕಾಯ್, ಸ್ಕಾಟಿ. ಗುಲಾಮನ ಜಾಗಕ್ಕೂ ಸುಲು, ಚೆಕಾವ್ ಇದ್ದಾರೆ. ರಾಣಿಯರು? ಊಹುರಾ ಒಬ್ಬಳು. ಆಮೇಲೆ ನರ್ಸ್ ಚಾಪೆಲ್. ಮೊದಲ ಸೀಸನ್ ಮುಗಿಯುವ ಮೊದಲೇ ಕಾಣೆಯಾದ ರ್‍ಯಾಂಡ್. ನಾಲ್ಕನೆಯವಳಿಗೆ ಹುಡುಕಾಡಬೇಕು. ಸಮಾನತೆಯ ಭವಿಷ್ಯ ತೋರಿಸುತ್ತೇವೆ ಎಂದ ಸರಣಿಯ ಲೆಕ್ಕ ಎಲ್ಲಿ ತಪ್ಪುತ್ತದೆ ಎನ್ನುವುದನ್ನು ನಾಲ್ಕೇ ನಾಲ್ಕು ಎಲೆಗಳು ಹೇಳಿಬಿಡುತ್ತವೆ. ಊಹುರಾ ಪಾತ್ರ ಮಾಡಿದ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಮೊದಲ ಸೀಸನ್ ನಂತರ ಸರಣಿ ಬಿಡಲು ಹೊರಟಿದ್ದರು. ಬಿಡಬೇಡಿ ಎಂದು ತಮ್ಮನ್ನು ಒಪ್ಪಿಸಿದ್ದು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಎಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಆ ಒಂದು ಕುರ್ಚಿಗೆ ಎಷ್ಟು ತೂಕವಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

1995ರಲ್ಲಿ ಶುರುವಾದ ವಾಯೇಜರ್‌ನಲ್ಲಿ ತೊಡಕು ಬೇರೆ ಥರದ್ದು. ಅಲ್ಲಿ ಕ್ಯಾಪ್ಟನ್ ಜೇನ್‌ವೇ ಹೆಣ್ಣು. ಅವಳನ್ನು ರಾಣಿ ಮಾಡಿದರೆ ಅವಳ ಕೈಕೆಳಗಿನ ಗಂಡಸೊಬ್ಬ ರಾಜನಾಗಿ ಅವಳ ತಲೆ ಮೇಲೆ ಕೂರುತ್ತಾನೆ. ಅವಳನ್ನೇ ರಾಜ ಮಾಡಬಹುದು, ಎಕ್ಕ ಕೊಡಬಹುದು. ಯಾವುದನ್ನು ಆರಿಸಿದರೂ ಅದೊಂದು ನಿಲುವು. ಕಟ್ಟುಗಳನ್ನು ಸಂಗ್ರಹಿಸುವುದರಲ್ಲಿ ಇರುವ ನಿಜವಾದ ಮಜಾ ಇದೇ ಅನ್ನೋದು ನನ್ನ ವಾದ. ಒಂದೇ ಕಥೆಯ ಬೇರೆ ಬೇರೆ ಕಟ್ಟುಗಳನ್ನು ಪಕ್ಕಪಕ್ಕ ಇಟ್ಟರೆ, ಯಾರನ್ನು ಎಲ್ಲಿ ಕೂರಿಸಿದ್ದಾರೆ ಎನ್ನುವುದು ಕಣ್ಣಿಗೆ ರಾಚುತ್ತದೆ.

ಇಸ್ಪೀಟು ರಾಜಕೀಯ ಮಾಡಿದ್ದು ಇದೇ ಮೊದಲಲ್ಲ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರ ಹೊತ್ತಿಗೆ, ಎಲೆಗಳಿಂದ ರಾಜ, ರಾಣಿ, ಗುಲಾಮರನ್ನು ಕಿತ್ತುಹಾಕಿ ಪ್ರತಿಭೆ, ಸ್ವಾತಂತ್ರ್ಯ, ಸಮಾನತೆಯ ಚಿತ್ರಗಳನ್ನು ಕೂರಿಸಿದ ಕಟ್ಟುಗಳು ಬಂದವು. ಹೆಚ್ಚು ದಿನ ಉಳಿಯಲಿಲ್ಲ, ರಾಜರು ವಾಪಸ್ ಬಂದರು. 2003ರಲ್ಲಿ ಅಮೆರಿಕದ ಸೇನೆ ತನಗೆ ಬೇಕಾದ ಇರಾಕಿ ನಾಯಕರ ಮುಖಗಳನ್ನೇ ಇಸ್ಪೀಟು ಮಾಡಿ ಸೈನಿಕರಿಗೆ ಹಂಚಿತು. ಸದ್ದಾಂ ಹುಸೇನ್ ಇಸ್ಪೀಟು ಎಕ್ಕ. ಒಂದು ದೇಶದ ಮೇಲಿನ ಯುದ್ಧ ಜೇಬಿಗೆ ಹಿಡಿಸುವ ಆಟವಾಯಿತು, ಅದರ ನಕಲುಗಳು ಅಂಗಡಿಗಳಲ್ಲಿ ಭರ್ಜರಿಯಾಗಿ ಮಾರಾಟವಾದವು. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಪೋಷಿಸಿದ ಗಂಜೀಫಾ ಕೂಡ ಕಥೆಯನ್ನು ಎಲೆಗೆ ಇಳಿಸುವ ಕಲೆಯೇ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ರಾಣಿಯೇ ಇಲ್ಲ!

ಸ್ಟಾರ್ ಟ್ರೆಕ್‌ಗೆ ವಾಪಸ್ ಬರೋಣ. ಇಸ್ಪೀಟಿಗೂ ಈ ಸರಣಿಗೂ ಇರುವ ನಂಟು ಬರೀ ಅಂಗಡಿಯದ್ದಲ್ಲ. 'ದಿ ನೆಕ್ಸ್ಟ್ ಜನರೇಶನ್'ನಲ್ಲಿ ನೌಕೆಯ ಅಧಿಕಾರಿಗಳು ಬಿಡುವಿನಲ್ಲಿ ಪೋಕರ್ ಆಡುತ್ತಾರೆ. 1989ರ 'ದಿ ಮೆಷರ್ ಆಫ್ ಎ ಮ್ಯಾನ್' ಕಂತು ಶುರುವಾಗುವುದೇ ಆ ಮೇಜಿನಲ್ಲಿ. ಯಂತ್ರಮಾನವ ಡೇಟಾ ಸಂಭವನೀಯತೆಯ ಲೆಕ್ಕವನ್ನೆಲ್ಲ ಹಾಕಿ ಆಡುತ್ತಾನೆ. ಕೈಯಲ್ಲಿ ಏನೂ ಇಲ್ಲದ ರೈಕರ್ ಬರೀ ಧೈರ್ಯದಲ್ಲಿ ಅವನನ್ನು ಮಣಿಸುತ್ತಾನೆ. ಮುಂದೆ ಕಂತು ಗಂಭೀರವಾಗುತ್ತದೆ: ಡೇಟಾ ಒಬ್ಬ ವ್ಯಕ್ತಿಯೋ, ಸ್ಟಾರ್‌ಫ್ಲೀಟ್‌ನ ಆಸ್ತಿಯೋ? ಅವನನ್ನು ಬಿಚ್ಚಿ ನೋಡಿ, ಅವನಂಥ ಸಾವಿರಾರು ಯಂತ್ರಗಳನ್ನು ಮಾಡಿದರೆ ಅವರೆಲ್ಲ ಗುಲಾಮರೇ ಆಗುವುದಿಲ್ಲವೇ? ಡೇಟಾ ಯಾರ ಸ್ವತ್ತೂ ಅಲ್ಲ ಎಂದು ವಿಚಾರಣೆ ತೀರ್ಪು ಕೊಡುತ್ತದೆ. ಈ ಕಂತು ನೋಡಿದವರಿಗೆ ಡೇಟಾನನ್ನು ಯಾವುದಾದರೂ ಕಟ್ಟಿನಲ್ಲಿ ಗುಲಾಮನ ಎಲೆಯಲ್ಲಿ ಕಂಡರೆ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಗುತ್ತೆ.

1994ರಲ್ಲಿ ಆ ಸರಣಿ ಮುಗಿದಾಗ ಕೊನೆಯ ದೃಶ್ಯ ಯುದ್ಧವಲ್ಲ, ಪೋಕರ್. ಏಳು ಸೀಸನ್‌ ಉದ್ದಕ್ಕೂ ಆ ಮೇಜಿನಿಂದ ದೂರವೇ ಇದ್ದ ಕ್ಯಾಪ್ಟನ್ ಪಿಕಾರ್ಡ್ ಮೊದಲ ಬಾರಿ ಬಂದು ಕೂತು ಎಲೆ ಹಂಚುತ್ತಾನೆ. ಅಲ್ಲಿ ಕ್ಯಾಪ್ಟನ್‌ಗೂ ಐದೇ ಎಲೆ, ಎಲ್ಲರಿಗೂ ಐದೇ ಎಲೆ. ಎಲೆಗಳಲ್ಲಿ ಅಂತಸ್ತು ಇದೆ, ಆಡುವವರಲ್ಲಿ ಇಲ್ಲ.

ಸಂಗ್ರಹ ಶುರು ಮಾಡುವವರಿಗೆ ಒಂದಿಷ್ಟು ಮಾತು. ಕಟ್ಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸರಣಿಯ ಫೋಟೊಗಳನ್ನು ಹಾಗೇ ಎಲೆಗೆ ಅಂಟಿಸಿದ್ದು. ಇನ್ನೊಂದು, ರಾಜ-ರಾಣಿಯರನ್ನು ಹೊಸದಾಗಿ ಬರೆಸಿದ್ದು. ನಾನು ಎರಡನೆಯದಕ್ಕೇ ಓಟು ಹಾಕ್ತೀನಿ, ಯಾಕಂದ್ರೆ ಅಲ್ಲಿ ಯಾರೋ ಕೂತು ಯೋಚನೆ ಮಾಡಿರುತ್ತಾರೆ. ಹಳೆಯದನ್ನು ಕೊಳ್ಳುವಾಗ 52 ಎಲೆ ಮತ್ತು ಜೋಕರ್‌ಗಳನ್ನು ಎಣಿಸಿ. ಡಬ್ಬಿಯ ಮೂಲೆಗಳನ್ನು, ಸೀಲನ್ನು ನೋಡಿ. ಅಧಿಕೃತ ಪರವಾನಗಿಯ ಸಾಲು ಡಬ್ಬಿಯ ಮೇಲೆ ಇದೆಯಾ ಅಂತ ಓದಿ. ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಬ್ರಿಜ್ ಅಳತೆಯದು ಅಗಲದಲ್ಲಿ ಕಾಲು ಇಂಚು ಕಮ್ಮಿ.

ಸೀಲು ಒಡೆಯದ ಕಟ್ಟಿಗೆ ಬೆಲೆ ಜಾಸ್ತಿ ಅನ್ನೋದು ಸಂಗ್ರಹಕಾರರ ಪ್ರಪಂಚದ ನಿಯಮ. ಆದರೆ ಸೀಲು ಒಡೆಯದೆ ಒಳಗೆ ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗೋದು ಹೇಗೆ? ಹಣವನ್ನೇ ದಾಟಿ ಬಂದ ಸಮಾಜದ ಕಥೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹೂಡಿಕೆಯಾಗಿ ಇಟ್ಟುಕೊಳ್ಳುವುದು ಒಂದು ಥರ ತಮಾಷೆಯೇ. ಕಟ್ಟು ಒಡೆಯಿರಿ. ರಾಣಿಯರನ್ನು ಎಣಿಸಿ, ಗುಲಾಮನ ಮುಖ ನೋಡಿ. ಆಮೇಲೆ ನಾಲ್ಕು ಜನರನ್ನು ಕರೆದು ಎಲೆ ಕಲೆಸಿ, ಎಲ್ಲರಿಗೂ ಸಮನಾಗಿ ಹಂಚಿ.