ವೇಗದ ಬೌಲರನ ಮೂಳೆಯ ಲೆಕ್ಕ

ಖಾನಾಪುರದ ಓದುಗರೊಬ್ಬರು, ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಆಡುವ ತಮ್ಮ ಮಗನ ಪರವಾಗಿ, ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಆ ಆಟದಲ್ಲಿ ತಂಡದ ಯಜಮಾನಿಕೆಯೆಲ್ಲ ಆಡುವವನದೇ. ಚೆಂಡೆಸೆಯುವ ಪಿಚರುಗಳಲ್ಲಿ ಇಂದು ಯಾರನ್ನು ಕಣಕ್ಕಿಳಿಸಬೇಕು, ಯಾರಿಗೆ ವಿಶ್ರಾಂತಿ ಕೊಡಬೇಕು, ಯಾರನ್ನು ಪಂದ್ಯದ ಕೊನೆಯ ಘಟ್ಟಕ್ಕೆಂದು ಕಾದಿರಿಸಬೇಕು ಎಂಬುದನ್ನು ಅವನೇ ನಿರ್ಧರಿಸತಕ್ಕದ್ದು. ಪ್ರತಿಯೊಬ್ಬ ಪಿಚರನಿಗೂ ಶಕ್ತಿಸೂಚಕವಾದ ಒಂದು ಪಟ್ಟಿಯುಂಟು. ನೂರು ಎಸೆತಗಳಾಗುವ ಹೊತ್ತಿಗೆ ಅದು ಬರಿದಾಗುತ್ತದೆ, ನಾಲ್ಕೈದು ದಿನ ಕೂರಿಸಿದರೆ ಮತ್ತೆ ತುಂಬುತ್ತದೆ. ನಮ್ಮ ಕ್ರಿಕೆಟ್ಟಿನ ವೇಗದ ಬೌಲರುಗಳಿಗೂ ಇಂಥದೊಂದು ಪಟ್ಟಿಯನ್ನು ಬರೆಯಲು ಸಾಧ್ಯವೆ ಎಂಬುದು ಅವರ ಪ್ರಶ್ನೆ.

ಸಾಧ್ಯವುಂಟು. ಆದರೆ ಒಂದು ಪಟ್ಟಿ ಸಾಲದು, ಎರಡು ಬೇಕು. ಮೊದಲನೆಯದು ಮಾಂಸಖಂಡಗಳದು, ಅದು ಬರಿದಾದುದು ಬೌಲರನಿಗೆ ಆ ಸಂಜೆಯೇ ತಿಳಿಯುತ್ತದೆ, ಕೆಲವು ದಿನಗಳಲ್ಲಿ ತುಂಬಿಯೂ ಬಿಡುತ್ತದೆ. ಎರಡನೆಯದು ಮೂಳೆಯದು, ಅದು ವಾರಗಳ, ತಿಂಗಳುಗಳ ಗತಿಯಲ್ಲಿ ಏರಿಳಿಯುವುದರಿಂದಲೂ, ನೋವಾಗಿ ಪ್ರಕಟವಾಗುವ ತನಕ ಯಾವ ಸುಳಿವನ್ನೂ ಕೊಡದಿರುವುದರಿಂದಲೂ, ಬೌಲರನಿಗಾಗಲಿ ನಾಯಕನಿಗಾಗಲಿ ಕಾಣಿಸುವುದಿಲ್ಲ. ವೇಗದ ಬೌಲರುಗಳ ದುರಂತಗಳಲ್ಲಿ ಹಲವು ಸಂಭವಿಸುವುದು ಮೊದಲನೆಯ ಪಟ್ಟಿ ತುಂಬಿದ್ದು ಎರಡನೆಯದು ತುಂಬದೆ ಇರುವ ದಿನಗಳಲ್ಲಿ.

ಬೇಸ್‌ಬಾಲಿನಲ್ಲಿ ಪೆಟ್ಟು ಬೀಳುವುದು ಮೊಣಕೈಯ ಅಸ್ಥಿಬಂಧಕ್ಕೆ. 1974ರಲ್ಲಿ ಲಾಸ್ ಏಂಜಲೀಸಿನ ವೈದ್ಯ ಫ್ರ್ಯಾಂಕ್ ಜೋಬ್ ಟಾಮಿ ಜಾನ್ ಎಂಬ ಪಿಚರನ ಹರಿದ ಬಂಧದ ಸ್ಥಾನದಲ್ಲಿ ಅವನ ಮುಂಗೈಯಿಂದಲೇ ತೆಗೆದ ಸ್ನಾಯುರಜ್ಜುವನ್ನು ಕೂಡಿಸಿದನು. 1976ರಲ್ಲಿ ಮೈದಾನಕ್ಕೆ ಮರಳಿದ ಜಾನ್ ಆ ಬಳಿಕ 164 ಪಂದ್ಯಗಳನ್ನು ಗೆದ್ದುಕೊಟ್ಟನು. ಕ್ರಿಕೆಟ್ಟಿನ ಬೌಲರನು ಮೊಣಕೈಯನ್ನು ನೇರವಾಗಿಟ್ಟು ಎಸೆಯುವವನಾದುದರಿಂದ ಭಾರವು ಅವನ ಸೊಂಟಕ್ಕೆ ಇಳಿಯುತ್ತದೆ. ಓಡಿಬಂದು ಮುಂಗಾಲನ್ನು ನೆಲಕ್ಕೆ ಊರುವ ಕ್ಷಣದಲ್ಲಿ ದೇಹದ ತೂಕದ ಐದಾರು ಪಟ್ಟು ಬಲ ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಎಸೆಯುವ ಕೈಗೆ ಎದುರಾದ ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ಹಿಂಬದಿಯ ಕಿರಿದಾದ ಮೂಳೆಯ ಭಾಗ ಈ ತಿರುಚನ್ನು ಹೊರಬೇಕು. ಬಲಗೈ ಬೌಲರನಿಗೆ ಬಿರುಕು ಸಾಮಾನ್ಯವಾಗಿ ಎಡಬದಿಯಲ್ಲಿ ಬರುವುದು ಈ ಕಾರಣದಿಂದಲೇ.

ಒಂದೊಂದು ಎಸೆತವೂ ಮೂಳೆಯನ್ನು ಮುರಿಯಲಾರದಷ್ಟು ಸಣ್ಣದಾಗಿರುವಾಗ ಸಾವಿರಾರು ಎಸೆತಗಳು ಕೂಡಿ ಹೇಗೆ ಮುರಿಯುತ್ತವೆಂಬುದನ್ನು ಬೆಳಗಾವಿಯವರಿಗೆ ವಿವರಿಸುವುದು ಸುಲಭ. ಉದ್ಯಮಬಾಗಿನ ಫೌಂಡ್ರಿಗಳಲ್ಲಿ, ಲೇಥಿನ ಮುಂದೆ ಆಯುಷ್ಯ ಕಳೆದವರು ಈ ಊರಿನಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಬಹುಕಾಲ ತಿರುಗಿ ಒಂದು ದಿನ ತಟಕ್ಕನೆ ತುಂಡಾದ ಶಾಫ್ಟಿನ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ಅಂಚಿನಿಂದ ಹೊರಟು ಕಪ್ಪೆಚಿಪ್ಪಿನ ಮೇಲಿನಂತೆ ಒಂದರ ಹಿಂದೊಂದು ಬಾಗಿದ ನಯವಾದ ಗೆರೆಗಳು. ಇನ್ನೊಂದು ಕಡೆ ಒರಟಾದ, ಹರಳುಹರಳಾದ ಭಾಗ. ನಯವಾದ ಭಾಗವೆಲ್ಲ ಬಿರುಕು ಸದ್ದಿಲ್ಲದೆ ತೆವಳಿದ ಹಾದಿ. ಒರಟು ಭಾಗ ಮಾತ್ರ ಕೊನೆಯ ಕ್ಷಣದಲ್ಲಿ ಹರಿದದ್ದು. ಶಾಫ್ಟು ಅಂದು ಮುರಿಯಿತೆಂದು ನಾವು ಹೇಳಿದರೂ ಅದು ಮುರಿಯತೊಡಗಿ ಬಹುದಿನಗಳಾಗಿದ್ದುವು.

ಈ ವಿಷಯ ವಿಜ್ಞಾನಿಗಳ ಗಮನಕ್ಕೆ ಬಂದದ್ದು ರೈಲಿನಿಂದ. 1842ರ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನಿನ ಅಚ್ಚು ಮುರಿದು ಘೋರವಾದ ಅಪಘಾತವಾಯಿತು. ಗಟ್ಟಿಯಾದ ಕಬ್ಬಿಣ ಯಾವ ಅತಿಭಾರವೂ ಇಲ್ಲದೆ ಏಕೆ ಮುರಿಯಬೇಕು? ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್, ಅಚ್ಚುಗಳನ್ನು ಯಂತ್ರಕ್ಕೆ ಹೂಡಿ ಬಾಗಿಸುತ್ತ ಲಕ್ಷಾಂತರ ಸುತ್ತು ತಿರುಗಿಸಿ, ವರ್ಷಾನುವರ್ಷ ಪರೀಕ್ಷಿಸಿ, 1870ರ ಹೊತ್ತಿಗೆ ಉತ್ತರವನ್ನು ಲೋಕಕ್ಕೆ ಕೊಟ್ಟನು: ಭಾರ ಎಷ್ಟೆಂಬುದಷ್ಟೇ ಅಲ್ಲ, ಅದು ಎಷ್ಟು ಸಲ ಮರಳಿ ಬಂತೆಂಬುದೂ ಲೋಹದ ಆಯುಷ್ಯವನ್ನು ನಿರ್ಧರಿಸುತ್ತದೆ, ಭಾರವನ್ನು ಕೊಂಚ ಇಳಿಸಿದರೆ ಆಯುಷ್ಯ ಹಲವು ಪಟ್ಟು ಹೆಚ್ಚುತ್ತದೆ. ಆಶ್ಚರ್ಯವೆಂದರೆ, ಅದೇ ಪ್ರಷ್ಯಾದಲ್ಲಿ, 1855ರಲ್ಲಿ, ಬ್ರೈಟ್‌ಹಾಪ್ಟ್ ಎಂಬ ಸೇನಾ ವೈದ್ಯನು ದೀರ್ಘ ಕವಾಯತು ಮಾಡಿದ ಸೈನಿಕರ ಪಾದಗಳು ಯಾವ ಪೆಟ್ಟೂ ಇಲ್ಲದೆ ಊದಿಕೊಂಡು ನೋಯುವುದನ್ನು ವರ್ಣಿಸಿದ್ದನು. ಅದು ಪಾದದ ಮೂಳೆಗಳ ಬಿರುಕೆಂಬುದು 1897ರಲ್ಲಿ, ಎಕ್ಸ್‌ರೇ ಬಂದ ಮೇಲೆ, ಸ್ಪಷ್ಟವಾಯಿತು. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿರುವ ಬೆಳಗಾವಿಯಲ್ಲಿ ಕವಾಯತಿನ ಸದ್ದನ್ನು ಕೇಳುತ್ತ ಬೆಳೆದವರಿಗೆ ಈ ಸಂಬಂಧ ಕೂಡಲೆ ಮನದಟ್ಟಾದೀತು.

ಆದರೆ ಲೋಹಕ್ಕೂ ಮೂಳೆಗೂ ಒಂದು ಮಹತ್ತಾದ ಅಂತರವುಂಟು: ಮೂಳೆ ಜೀವಂತವಾದುದು, ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವುದು. ಸೂಕ್ಷ್ಮ ಬಿರುಕುಗಳಾದಲ್ಲಿ ಮೊದಲು ಆಸ್ಟಿಯೋಕ್ಲಾಸ್ಟ್ ಕೋಶಗಳು ಬಂದು ಹಳೆಯ ಮೂಳೆಯನ್ನು ಕರಗಿಸುತ್ತವೆ. ಈ ಕೆಲಸಕ್ಕೆ ಸುಮಾರು ಮೂರು ವಾರ. ಅನಂತರ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಅದಕ್ಕೆ ಮೂರು ತಿಂಗಳು ಅಥವಾ ಹೆಚ್ಚು. ಆದಕಾರಣ ಹೆಚ್ಚು ದುಡಿದ ಮೂಳೆ, ಬಲಗೊಳ್ಳುವ ಮುನ್ನ, ಕೆಲಕಾಲ ಇದ್ದುದಕ್ಕಿಂತಲೂ ದುರ್ಬಲವಾಗಿರುತ್ತದೆ. ಆ ಅವಧಿಯಲ್ಲಿ ಬೌಲರನ ಮೈ ಹಗುರವಾಗಿರುತ್ತದೆ, ಉತ್ಸಾಹ ಉಕ್ಕುತ್ತಿರುತ್ತದೆ, ನಾಯಕನು ಚೆಂಡನ್ನು ಮತ್ತೆ ಅವನ ಕೈಗೇ ಕೊಡುತ್ತಾನೆ.

ಆಸ್ಟ್ರೇಲಿಯದ ವೈದ್ಯ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಒಂದೇ ಪಂದ್ಯದಲ್ಲಿ 50ಕ್ಕಿಂತ ಹೆಚ್ಚು ಓವರ್ ಎಸೆದವರಿಗೆ ಗಾಯದ ಅಪಾಯ ಮುಂದಿನ 21 ದಿನಗಳವರೆಗೂ ಏರಿಯೇ ಇತ್ತು. 2014ರ ಇನ್ನೊಂದು ಅಧ್ಯಯನ, ಈ ವಾರದ ದುಡಿಮೆಯನ್ನು ನಾಲ್ಕು ವಾರಗಳ ಸರಾಸರಿಯೊಡನೆ ತೂಗಿ, ದುಡಿಮೆ ಹಠಾತ್ತನೆ ಜಿಗಿದಾಗಲೇ ಅಪಾಯ ಹೆಚ್ಚೆಂದು ತೋರಿಸಿತು. ಆ ಅನುಪಾತವನ್ನು ಬಳಿಕ ಮೊಬೈಲ್ ಆ್ಯಪ್‌ಗಳಲ್ಲಿ ಅಡಕಗೊಳಿಸಿ, ಗಾಯವನ್ನು ಮುಂಗಂಡು ಹೇಳುವ ಮಂತ್ರವೆಂಬಂತೆ ಮಾರತೊಡಗಿದರು. ಇದನ್ನು ನಾನು ಒಪ್ಪಲಾರೆ. ಅನುಪಾತದ ಗಣಿತದಲ್ಲೇ ದೋಷಗಳಿರುವುದನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಇಂಥವನಿಗೆ ಇಂಥ ದಿನ ಗಾಯವಾಗುವುದೆಂದು ಯಾವ ಅಂಕಿಯೂ ಹೇಳಲಾರದು. ಹಠಾತ್ತಾದ ಏರಿಕೆ ಒಳ್ಳೆಯದಲ್ಲವೆಂಬ ಮೂಲ ವಿವೇಕ ಮಾತ್ರ ಉಳಿಯುತ್ತದೆ, ಅದೇ ಸಾಕು.

ಕರ್ನಾಟಕವಂತೂ ವೇಗದ ಬೌಲರುಗಳ ತವರು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿಯೂ ಮರಳಿ ಬಂದು, 1999ರಲ್ಲಿ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರಿಗೆ ಸೊಂಟದ ಇದೇ ಬಗೆಯ ಬಿರುಕಿನಿಂದಾಗಿ 2022ರ ಆಗಸ್ಟಿನಿಂದ ಸುಮಾರು ಒಂದು ವರ್ಷ ಭಾರತದ ಪರ ಆಡಲಾಗಲಿಲ್ಲ. ಅವರಿಗೆ ಸ್ಕ್ಯಾನ್ ಮಾಡಿಸುವವರುಂಟು, ಎಸೆತಗಳನ್ನು ಎಣಿಸುವವರುಂಟು. ಬೆಳಗಾವಿಯ ರೋನಿತ್ ಮೋರೆ ರಾಜ್ಯ ತಂಡಕ್ಕೆ ಏರಿದುದನ್ನು ಕಂಡು ಅವರಂತಾಗಬೇಕೆಂದು ಓಡುವ ನಮ್ಮ ಹದಿನೈದರ ಹುಡುಗನಿಗೆ ಯಾರಿದ್ದಾರೆ?

ಅವನ ಪಾಲಿಗೆ ಇಲ್ಲಿಯ ಋತುಮಾನವೇ ಒಂದು ಅಪಾಯ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಾದ ಖಾನಾಪುರ ತಾಲೂಕಿನಲ್ಲಿ ಜೂನಿನಿಂದ ಮಳೆ ಹಿಡಿದರೆ ಮೈದಾನಗಳೆಲ್ಲ ಕೆಸರು. ಬೌಲಿಂಗ್ ತಿಂಗಳುಗಟ್ಟಲೆ ನಿಂತು, ಮೂಳೆ ತನ್ನ ಮೇಲೆ ಭಾರವಿಲ್ಲದುದರಿಂದ ಬಲವನ್ನು ಬಿಟ್ಟುಕೊಡುತ್ತದೆ. ದೀಪಾವಳಿ ಕಳೆದು ನೆಲ ಗಟ್ಟಿಯಾದೊಡನೆ ಟೆನಿಸ್ ಚೆಂಡಿನ ಟೂರ್ನಮೆಂಟುಗಳು ಮೊದಲಾಗುತ್ತವೆ. ಹಳ್ಳಿಯ ತಂಡದ ವೇಗದ ಹುಡುಗನು ಒಂದೇ ಭಾನುವಾರ ಮೂರು ಪಂದ್ಯಗಳಲ್ಲಿ ಎಸೆಯುತ್ತಾನೆ. ಓವರುಗಳು ಕಡಿಮೆಯೆಂದು ತೋರಿದರೂ ಶೂನ್ಯದಿಂದ ಏರಿದ ಆ ಜಿಗಿತ, ಇನ್ನೂ ಬಲಿಯದ ಬೆನ್ನಿಗೆ, ಬಲು ದೊಡ್ಡದು.

ಪರಿಹಾರಕ್ಕೆ ಯಂತ್ರ ಬೇಕಿಲ್ಲ. ಸೆಪ್ಟೆಂಬರಿನಿಂದಲೇ, ಶಾಲೆಯ ಜಗುಲಿಯಲ್ಲಾದರೂ ಸರಿ, ವಾರಕ್ಕೆ ಕೆಲವು ಓವರುಗಳಿಂದ ತೊಡಗಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿಮೂರರೊಳಗಿನವರಿಗೆ ಒಂದು ಸಲಕ್ಕೆ 5, ದಿನಕ್ಕೆ 10 ಓವರುಗಳೆಂದೂ, ಹದಿನೈದರೊಳಗಿನವರಿಗೆ 6 ಮತ್ತು 12 ಎಂದೂ ಮಿತಿಯನ್ನು ಗೊತ್ತುಮಾಡಿದ್ದುಂಟು. ನಮ್ಮ ಟೂರ್ನಮೆಂಟಿನ ಸಂಘಟಕರೂ ದಿನದ ಒಟ್ಟು ಓವರಿಗೆ ಇಂಥ ಮಿತಿಯನ್ನು ನಿಯಮಗಳಲ್ಲಿ ಬರೆಯಬೇಕು. ಸೊಂಟದ ಒಂದೇ ಬದಿಯಲ್ಲಿ, ಬೆನ್ನು ಹಿಂದಕ್ಕೆ ಬಾಗಿಸಿದಾಗ ಹೆಚ್ಚುವ ನೋವು ಹುಡುಗನಿಗೆ ಕಾಣಿಸಿಕೊಂಡರೆ, ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಕಳುಹಿಸದೆ, ಬೌಲಿಂಗ್ ನಿಲ್ಲಿಸಿ ಮೂಳೆವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೇಗ ಗುರುತಿಸಿದ ಬಿರುಕು ವಿಶ್ರಾಂತಿಯಿಂದಲೇ ಕೂಡುವುದು ಸಾಮಾನ್ಯ.