ನಾಲ್ಕು ವರ್ಷದ ಸಿಪಾಯಿ ಊರಿಗೆ ಮರಳಿದಾಗ

ಅಗ್ನಿಪಥ ಯೋಜನೆಯಡಿ ಸೇನೆ ಸೇರಿದ ಮೊದಲ ತಂಡದ ಸೇವಾವಧಿ 2026ರ ಕೊನೆಯಿಂದ 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಸೇನೆಗೂ ಹಳ್ಳಿಗೂ ನಡುವೆ ತಲೆಮಾರುಗಳಿಂದ ಇದ್ದ ಕರಾರು ಬದಲಾಗಿದೆ. ಅದಕ್ಕೆ ನಾವು ತಯಾರಾಗಿದ್ದೇವೆಯೇ?

ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ‘ಮಿಲ್ಟ್ರಿಯವರ ಮನಿ ಎಲ್ಲೈತಿ?’ ಎಂದು ಕೇಳಿದರೆ ಸಣ್ಣ ಹುಡುಗರೂ ಕೈ ಮಾಡಿ ತೋರಿಸುತ್ತಾರೆ. ಪಡಸಾಲೆಯ ಗೋಡೆಗೆ ಯೂನಿಟ್‌ನ ಗ್ರೂಪ್ ಫೋಟೊ, ಮೂಲೆಯಲ್ಲಿ ನಂಬರು, ರ‍್ಯಾಂಕು, ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದ ಕರಿ ಟ್ರಂಕು. ಮನೆಯ ಯಜಮಾನ ನಲವತ್ತರ ಆಚೀಚೆಗೇ ಪೆನ್ಶನ್ ಹಿಡಿದು ಬಂದವರು. ಇರುವ ಎರಡೆಕರೆಗೆ ಬೋರ್‌ವೆಲ್ ಹಾಕಿಸಿರುತ್ತಾರೆ, ಇಲ್ಲವೇ ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆಗಿರುತ್ತಾರೆ. ತಿಂಗಳಿಗೊಮ್ಮೆ ಮಿಲ್ಟ್ರಿ ಕ್ಯಾಂಟೀನಿನಿಂದ ಸಾಬೂನು, ಎಣ್ಣೆ, ಜೊತೆಗೆ ನೆಂಟರು ದಾರಿ ಕಾಯುವ ರಮ್ಮಿನ ಬಾಟಲಿ ಮನೆಗೆ ಬರುತ್ತದೆ. ಊರಿನ ಜಾತ್ರೆಯಲ್ಲಿ ಗದ್ದಲವಾದರೆ ಬಿಡಿಸಲು ಮೊದಲು ನುಗ್ಗುವವರೂ, ಶಾಲೆಯ ಆಗಸ್ಟ್ ಹದಿನೈದರ ಪರೇಡಿಗೆ ಮಕ್ಕಳನ್ನು ಸಾಲು ಹಿಡಿಸುವವರೂ ಅವರೇ.

ಕರ್ನಾಟಕ ಮತ್ತು ಸೇನೆ ಎಂದ ಕೂಡಲೇ ನಮಗೆ ನೆನಪಾಗುವುದು ಕೊಡಗು. ಅದು ಸಹಜ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೆ.ಎಂ. ಕಾರ್ಯಪ್ಪ ಅಲ್ಲಿಯವರು. ಆ ದಿನವನ್ನೇ ದೇಶ ಸೇನಾ ದಿನವಾಗಿ ಆಚರಿಸುತ್ತದೆ. 1957ರಿಂದ 1961ರವರೆಗೆ ಸೇನೆಯನ್ನು ಮುನ್ನಡೆಸಿದ ಕೆ.ಎಸ್. ತಿಮ್ಮಯ್ಯ ಕೂಡ ಅಲ್ಲಿಯವರೇ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಜನರಲ್‌ಗಳ ಈ ಚರಿತ್ರೆಗೆ ನಾವು ಕೊಟ್ಟ ಗಮನ ಸಿಪಾಯಿಗಳ ಚರಿತ್ರೆಗೆ ಸಿಕ್ಕಿಲ್ಲ. ಮಳೆ ನಂಬಿದ ಹೊಲದಿಂದ, ಪಿಯುಸಿ ಮುಗಿದ ಮೇಲೆ ಮುಂದೇನು ಎಂದು ತೋಚದ ಮನೆಯಿಂದ ಸೇನೆಗೆ ಹೋದವರ ಚರಿತ್ರೆ ಅದು.

ಆ ಮನೆಗಳಿಗೂ ಸೇನೆಗೂ ಒಂದು ಕರಾರಿತ್ತು. ಸೇನೆ ಹದಿನೆಂಟರ ಹುಡುಗನನ್ನು ಒಯ್ಯುತ್ತಿತ್ತು. ಹದಿನೈದು ವರ್ಷ ಸೇವೆ ಪೂರೈಸಿದರೆ ಬದುಕಿರುವವರೆಗೆ ಪಿಂಚಣಿ, ಅವನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ, ಕ್ಯಾಂಟೀನ್ ಕಾರ್ಡು, ಸರ್ಕಾರಿ ನೌಕರಿಯಲ್ಲಿ ಮಾಜಿ ಸೈನಿಕರ ಕೋಟಾ. ಬೆಲೆ ಕುಸಿದರೂ, ಮಳೆ ಕೈಕೊಟ್ಟರೂ ತಿಂಗಳು ತಪ್ಪದೆ ಖಾತೆಗೆ ಬೀಳುವ ಆ ಹಣದಿಂದ ತಂಗಿಯರ ಮದುವೆಯಾಗಿದೆ, ಮಕ್ಕಳು ಎಂಜಿನಿಯರಿಂಗ್ ಓದಿದ್ದಾರೆ.

ಆ ಕರಾರಿನ ಇನ್ನೊಂದು ಬದಿಯ ಬೆಲೆಯೂ ಊರಿಗೆ ಗೊತ್ತಿತ್ತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಆರು ದಿನಗಳ ನಂತರ ಹಿಮ ಅಗೆದಾಗ ಜೀವಂತ ಸಿಕ್ಕವರು ಒಬ್ಬರೇ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೇಶವೇ ಹರಕೆ ಹೊತ್ತಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರಿನಂಥ ಊರುಗಳು ಅಪಾಯ ತಿಳಿದೇ ಮಕ್ಕಳನ್ನು ಕಳಿಸುತ್ತಿದ್ದವು. ಮಗನಿಗೆ ಏನಾದರೂ ಆದರೆ ಮನೆ ಬೀದಿಗೆ ಬೀಳದು ಎಂಬ ಭರವಸೆ ಜೊತೆಗಿತ್ತು.

ಬದಲಾದ ಲೆಕ್ಕ

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಪ್ರಕಟಿಸಿತು. ಈಗ ಸಿಪಾಯಿಯಾಗಿ ಸೇರುವವರು ‘ಅಗ್ನಿವೀರರು’, ಅವರ ಅವಧಿ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ಗರಿಷ್ಠ ಶೇ 25ರಷ್ಟು, ಉಳಿದವರು ಮನೆಗೆ. ಮೊದಲ ವರ್ಷ ತಿಂಗಳಿಗೆ 30 ಸಾವಿರ ರೂಪಾಯಿ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಕಡಿತವಾಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಕೈಗೆ ಬರುತ್ತದೆ, ತೆರಿಗೆ ಇಲ್ಲ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಹಾಗಾಗಿ ಕ್ಯಾಂಟೀನ್ ಕಾರ್ಡಾಗಲಿ ಆಸ್ಪತ್ರೆ ಸೌಲಭ್ಯವಾಗಲಿ ಸಿಗದು. ಕರ್ತವ್ಯದಲ್ಲಿ ಮಡಿದರೆ 48 ಲಕ್ಷ ರೂಪಾಯಿ ವಿಮೆ ಮತ್ತು ಪರಿಹಾರದ ಹಣ ಮನೆಗೆ ಬರುತ್ತದೆ, ಕಾಯಂ ಸಿಪಾಯಿಯ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಬರುವುದಿಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಸಿಪಾಯಿಗಳ ಸರಾಸರಿ ವಯಸ್ಸು 32 ಇದ್ದು, ಅದನ್ನು 26ಕ್ಕೆ ಇಳಿಸಬೇಕು ಎಂಬುದು ಅದರ ಒಂದು ಕಾರಣ. ಹಿಮದ ಎತ್ತರದಲ್ಲಿ ಹೊರೆ ಹೊತ್ತು ನಡೆಯುವ ಕಾಲಿಗೆ ವಯಸ್ಸು ಮುಖ್ಯ. ಹೇಳದೇ ಉಳಿದ ಕಾರಣ ಬಜೆಟ್ ಪುಸ್ತಕದಲ್ಲಿತ್ತು. 2022-23ರಲ್ಲಿ ರಕ್ಷಣೆಗೆಂದು ಎತ್ತಿಟ್ಟ 5.25 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.19 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತಿತ್ತು. ಆದರೆ ಕೋವಿಡ್ ನೆಪದಲ್ಲಿ ಎರಡು ವರ್ಷ ಭರ್ತಿ ನಿಲ್ಲಿಸಿ, ಓಡಿ ಓಡಿ ಕಾದಿದ್ದ ಹುಡುಗರ ಮುಂದೆ ಒಮ್ಮೆಲೇ ಹೊಸ ನಿಯಮ ಇಟ್ಟಾಗ ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿತ್ತು, ಧಾರವಾಡದಲ್ಲೂ ಆಕಾಂಕ್ಷಿಗಳು ಬೀದಿಗಿಳಿದರು.

ಸಿಟ್ಟು ಇಳಿಯಿತು, ಓಟ ನಿಲ್ಲಲಿಲ್ಲ. ಈಗಲೂ ನಸುಕಿನಲ್ಲಿ ತಾಲ್ಲೂಕು ರಸ್ತೆಗಳಲ್ಲಿ ಹುಡುಗರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಓಡುತ್ತಿರುತ್ತಾರೆ. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೊಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಕಂಬಿ ಹಿಡಿದು 10 ಬಾರಿ ಗದ್ದ ಮೇಲೆತ್ತಿದರೆ 40. ಒಂಬತ್ತು ಅಡಿಯ ಹಳ್ಳ ಹಾರಲೇಬೇಕು. ಈ ರ‍್ಯಾಲಿಗೆ ಮೊದಲು ಈಗ ಆನ್‌ಲೈನ್ ಪರೀಕ್ಷೆ ಬೇರೆ. ನಾಲ್ಕೇ ವರ್ಷ ಎಂದು ಗೊತ್ತಿದ್ದೂ ಇವರು ಓಡುತ್ತಿರುವುದನ್ನು ದೇಶಪ್ರೇಮ ಎಂದಷ್ಟೇ ಹೇಳಿ ಮುಗಿಸಬಾರದು. ಬೇರೆ ಕೆಲಸ ಸಿಗುತ್ತಿಲ್ಲ ಎಂಬುದೂ ಅಷ್ಟೇ ನಿಜ.

ಕಲಿತ ಕೈಗೆ ಕೆಲಸ

ಹೊರಬರುವವರ ವಯಸ್ಸು ಇಪ್ಪತ್ತೊಂದರಿಂದ ಇಪ್ಪತ್ತೈದು, ಮೊದಲ ತಂಡದಲ್ಲಿ ಒಂದೆರಡು ವರ್ಷ ಹೆಚ್ಚು. ಹತ್ತನೇ ತರಗತಿ ಓದಿ ಸೇರಿದವರಿಗೆ ಹನ್ನೆರಡನೇ ತರಗತಿಗೆ ಸಮನಾದ ಪ್ರಮಾಣಪತ್ರ, ಕಲಿತ ಕೌಶಲಕ್ಕೆ ಇನ್ನೊಂದು ಪ್ರಮಾಣಪತ್ರ ಸಿಗುತ್ತದೆ. ಆ ಕೌಶಲದ ಬೆಲೆ ಏನು ಎಂಬುದಕ್ಕೆ ವಯನಾಡಿನ ಉದಾಹರಣೆ ಸಾಕು. 2024ರ ಜುಲೈ 30ರಂದು ಗುಡ್ಡ ಜರಿದು ಚೂರಲ್‌ಮಲ ಮತ್ತು ಮುಂಡಕ್ಕೈ ನಡುವಿನ ಸೇತುವೆ ಕೊಚ್ಚಿಹೋದಾಗ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಮೇಜರ್ ಸೀತಾ ಶೆಲ್ಕೆ ಅವರ ನೇತೃತ್ವದಲ್ಲಿ ಮಳೆಯಲ್ಲೇ ದುಡಿದು ಆಗಸ್ಟ್ 1ರ ಸಂಜೆಗೆ 190 ಅಡಿಯ ಬೈಲಿ ಸೇತುವೆ ನಿಲ್ಲಿಸಿದರು. 24 ಟನ್ ಭಾರ ತಡೆಯುವ ಅದರ ಮೇಲೆ ಜೆಸಿಬಿ, ಆಂಬುಲೆನ್ಸ್ ದಾಟಿದವು.

2018ರಲ್ಲಿ ಕೊಡಗು ಕುಸಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ನಾವೂ ಸೇನೆಗೇ ಮೊರೆಯಿಟ್ಟೆವು. ಪ್ರತಿ ಮಳೆಗಾಲಕ್ಕೂ ಸೇನೆಯನ್ನು ಕರೆಯುವ ಬದಲು ಸೇನೆಯಲ್ಲಿ ಕಲಿತು ಬಂದ ಹುಡುಗರನ್ನು ಜಿಲ್ಲೆಯಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುವುದು ಜಾಣತನ. ದೋಣಿ ನಡೆಸುವವರು, ವೈರ್‌ಲೆಸ್ ಬಲ್ಲವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಭಾರಿ ವಾಹನ ಓಡಿಸುವವರು ಊರಿಗೇ ಬರುತ್ತಿದ್ದಾರೆ. ಅಗ್ನಿಶಾಮಕ ದಳ, ರಾಜ್ಯ ವಿಪತ್ತು ಸ್ಪಂದನಾ ಪಡೆ, ಅರಣ್ಯ ಇಲಾಖೆ, ಪೊಲೀಸ್ ಎಲ್ಲ ಕಡೆಯೂ ಅವರಿಗೆ ಕೆಲಸವಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ ಪ್ರಕಟವಾಗಿದೆ. ಉತ್ತರ ಪ್ರದೇಶ 2025ರಲ್ಲಿ ಪೊಲೀಸ್ ನೇಮಕಾತಿಯಲ್ಲಿ ಶೇ 20ರಷ್ಟು ಮೀಸಲಿಟ್ಟಿತು.

ಇದನ್ನು ಉಪಕಾರ ಎಂದು ನೋಡಬೇಕಾಗಿಲ್ಲ. ಕೈಗೆ ಬಂದೂಕು ಕೊಟ್ಟು, ಶಿಸ್ತು ಕಲಿಸಿ, ಇಪ್ಪತ್ತನಾಲ್ಕರ ವಯಸ್ಸಿಗೆ ಕೆಲಸವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸುವುದು ಯಾವ ಸಮಾಜಕ್ಕೂ ಹಿತವಲ್ಲ. ಹನ್ನೊಂದು ಲಕ್ಷ ರೂಪಾಯಿ ಹಳ್ಳಿಯಲ್ಲಿ ಒಂದು ಮದುವೆ, ಒಂದು ಹಳೆ ಸಾಲ, ಒಂದು ಟ್ರ್ಯಾಕ್ಟರಿನ ಮುಂಗಡಕ್ಕೆ ಕರಗಿಹೋಗುವ ಹಣ.

ಸೇವೆಯ ಅವಧಿ ಮೊಟಕಾದುದನ್ನು ನಾವು ಒಪ್ಪಬಹುದು, ಒಪ್ಪದೇ ಇರಬಹುದು. ಆದರೆ ಪಿಂಚಣಿಯ ಹೊಣೆಯನ್ನು ಕೇಂದ್ರ ಇಳಿಸಿಕೊಂಡ ಮೇಲೆ ಆ ಹುಡುಗರ ಮುಂದಿನ ಮೂವತ್ತೈದು ವರ್ಷದ ದುಡಿಮೆಯ ಹೊಣೆ ರಾಜ್ಯಗಳ ಮೇಲೆ, ಸ್ಥಳೀಯ ಉದ್ಯಮಗಳ ಮೇಲೆ ಬಿದ್ದಿದೆ. ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ತನ್ನ ವ್ಯಾಪ್ತಿಯ ಅಗ್ನಿವೀರರ ಹೆಸರು, ಕಲಿತ ಕಸುಬು, ಬಿಡುಗಡೆಯ ತಿಂಗಳು ಬರೆದ ಪಟ್ಟಿ ಇಟ್ಟುಕೊಳ್ಳಲಿ. ಅದನ್ನು ಜಿಲ್ಲಾಧಿಕಾರಿಗೂ ಕಾರ್ಖಾನೆಗಳಿಗೂ ಮೊದಲೇ ತಲುಪಿಸಲಿ. ಹುಡುಗ ಊರಿನ ಬಸ್ಸು ಇಳಿದ ದಿನ ಹಾರ ಹಾಕಿ ಮೆರವಣಿಗೆ ಮಾಡಲು ನಾವು ಹಿಂದೆ ಬೀಳುವುದಿಲ್ಲ. ಮರುದಿನ ಅವನು ಯಾವ ಕೆಲಸಕ್ಕೆ ಹೋಗಬೇಕು ಎಂಬುದನ್ನು ಈಗಲೇ ಗೊತ್ತುಮಾಡೋಣ.